ಐದನೇ ದಿನದ ಉತ್ತರ

ಪ್ಯಾಂಟಿನ ಅಳತೆ ಯಾರಪ್ಪನ ಆಸ್ತಿಯೂ ಅಲ್ಲ
ಎಂದು ಒಪ್ಪಿಕೊಂಡವರು ಬಳ್ಳಾರಿಯಲ್ಲಿ ಇಪ್ಪತ್ತೆರಡು ಜನ,
ಎಲ್ಲರೂ ಕಟಿಂಗ್ ಮಾಸ್ತರರು, ಹೆಚ್ಚಿನವರು ಕೌಲ್ ಬಜಾರಿನವರು.
ಜೇಬಿನ ಓರೆ, ಸೊಂಟದ ಇಳಿಜಾರು, ಮೊಣಕಾಲಿನ ಬಾಗು,
ಒಬ್ಬ ಕಂಡುಕೊಂಡದ್ದು ಇಪ್ಪತ್ತೆರಡು ಮನೆಗೆ ಹೋಗಬೇಕು.

ಚೀಟಿಯಲ್ಲಿ ಹೋಗುತ್ತಿತ್ತು.
ಕಾರ್ಬನ್ ಇಟ್ಟು ಒತ್ತಿ ಬರೆದರೆ ಒಮ್ಮೆಗೆ ನಾಲ್ಕು,
ಐದನೆಯದು ಬರೀ ಗುಬ್ಬಿಕಾಲಿನ ಗೀರು.
ಹಾಗಾಗಿ ಒಂದೇ ಮಾತು ಆರು ಸಲ ಬರೆಯಬೇಕು.
ಆರನೇ ಸಲಕ್ಕೆ ಸಿಟ್ಟು ತಾನೇ ಇಳಿದು
'ನಿನ್ನ ತಲೆ' ಎಂದದ್ದು
'ತಮ್ಮ ಅಭಿಪ್ರಾಯ' ಆಗಿರುತ್ತಿತ್ತು.

ಊಟದ ಡಬ್ಬಿ ಒಯ್ಯುವ ಈರಲಿಂಗ ಹಂಚುತ್ತಿದ್ದ.
ಪುಂಡಿಪಲ್ಯದ ಕಲೆ ಬಿದ್ದ ಚೀಟಿಗಳನ್ನು
ದಾರಕ್ಕೆ ಪೋಣಿಸಿ ಮೆಷಿನ್ನಿನ ಗೂಟಕ್ಕೆ ನೇತುಹಾಕಿದ್ದೆ.
ಹೆಸರು ಯಾರೂ ಬರೆಯುತ್ತಿರಲಿಲ್ಲ, ಬೇಕಿರಲಿಲ್ಲ:
ತುಕೋಜಿ ಬೋಂಬಡೆಯ ಒತ್ತಕ್ಷರ
ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತಿತ್ತು.
ಖಾದರ್‌ಬಾಷಾ ಮಾಸ್ತರರ ಕನ್ನಡ ಎಡಕ್ಕೆ ವಾಲುತ್ತಿತ್ತು,
ಉರ್ದುವಿನ ಮನೆಗೆ ಹೊರಟಂತೆ.
ಅವರ ಉತ್ತರ ಬರುತ್ತಿದ್ದುದು ಐದನೇ ದಿನ,
ಎರಡು ಹಾಳೆ ತುಂಬ.
ಅದು ಬಂದ ಮೇಲೆ ಮತ್ತೊಬ್ಬರು ಬರೆಯುತ್ತಿದ್ದುದು ಕಡಿಮೆ.

ಈರಲಿಂಗ ಆಟೋ ಕೊಂಡ ವರ್ಷ
ಗಾದಿಲಿಂಗ ಎದ್ದು ನಿಂತ:
"ಗ್ವಾಡೆ ಐತಲ್ಲ! ಅಲ್ಲೇ ಬರೀರಿ, ಅಲ್ಲೇ ಓದ್ರಿ."
ಬೀಗ ಬಿದ್ದ ವಾಶಿಂಗ್ ಘಟಕ, ರಸ್ತೆಗಂಟಿದ ಉದ್ದ ಗೋಡೆ.
ಕಪ್ಪು ಬಳಿದು ಗೆರೆ ಎಳೆದು ಖಾನೆ ಮಾಡಿದ:
ಸೊಂಟ. ಜೇಬು. ಕಾಲು. ವಾಶ್. ಇತರೆ.
ವಾರ ಕಳೆಯುವುದರೊಳಗೆ ಜಗಳಗಳೆಲ್ಲ ಇತರೆಗೆ ಸೇರಿದ್ದವು.

ಬೇಡ ಎಂದು ಕೈ ಎತ್ತಿದವರು ಆರು ಜನ, ನಾನೂ ಒಬ್ಬ.
ಚೀಟಿ ನನ್ನ ಮನೆಗೆ ಬರುತ್ತಿತ್ತು,
ಗೋಡೆ ಬರುವುದಿಲ್ಲ.
ಇಷ್ಟೇ ನನ್ನ ವಾದ. ಈಗಲೂ ಇಷ್ಟೇ.

ಆದರೆ ಹುಲಿಗೆಮ್ಮನ ಮಾತು ಹೇಳದಿದ್ದರೆ ಪಾಪ ಬಂದೀತು.
ಒಗೆದ ಮೇಲೆ ಎಡಗಾಲಿನ ಹೊಲಿಗೆ
ಮೊಣಕಾಲಿನ ಮುಂದಕ್ಕೆ ತಿರುಚಿಕೊಳ್ಳುವ ರೋಗಕ್ಕೆ
ಮೂರು ವರ್ಷ ಚೀಟಿ ಬರೆದಿದ್ದೆವು.
ದಾರ ಕತ್ತರಿಸುವ ಹೆಂಗಸು, ಪೀಸಿಗೆ ಇಷ್ಟು ಪೈಸೆ,
ಇಪ್ಪತ್ತೆರಡರ ಲೆಕ್ಕದಲ್ಲಿ ಎಂದೂ ಇರಲಿಲ್ಲ.
ಸಂಜೆ ಬಸ್ಸಿಗೆ ನಿಂತವಳು ಗೋಡೆ ಓದಿ
ಬಿದ್ದಿದ್ದ ಸೀಮೆಸುಣ್ಣದ ಚೂರು ಎತ್ತಿ 'ಕಾಲು' ಖಾನೆಯಲ್ಲಿ ಬರೆದಳು:
"ಅಡಿಯ ಹತ್ತು ಪದರದವು ಅಷ್ಟೇ ತಿರುಚುತ್ತಾವ.
ಮ್ಯಾಲಿನವು ಇಲ್ಲ. ನಂಬರ್ ನೋಡ್ರಿ."
ನೋಡಿದೆವು.
ನಮ್ಮ ಕತ್ತರಿಗಳು ಒಂದು ಗಳಿಗೆ ಸುಮ್ಮನಾದವು.

ಮಂಡಿ ನೋವಿನ ಖಾದರ್‌ಬಾಷಾ
ಗೋಡೆಯ ಮುಖವನ್ನೇ ಕಾಣಲಿಲ್ಲ.
ಮೂರು ದಿನಕ್ಕೊಮ್ಮೆ ಒರೆಸುವ ಗೋಡೆಯಲ್ಲಿ
ಐದನೇ ದಿನ ಎಂಬುದೇ ಇಲ್ಲ.
ನಾನು ಶನಿವಾರ ಹೋಗಿ, ನೆನಪಿದ್ದಷ್ಟು ಓದಿ ಹೇಳಿದೆ.
ಹುಲಿಗೆಮ್ಮನ ಸಾಲನ್ನು ಎರಡು ಸಲ ಕೇಳಿದರು.
"ಯಾರ ಮಗಳು?" ಎಂದರು. ನನಗೆ ಗೊತ್ತಿರಲಿಲ್ಲ.

ಹೇಳಿದ ಐದನೇ ದಿನ ಮೊಮ್ಮಗಳ ಕೈಲಿ ಬಂತು ಹಾಳೆ, ಒಂದೇ ಒಂದು:
ಥಾನು ಸುತ್ತಿಟ್ಟ ಬಟ್ಟೆಗೆ ಮೈ ಬಿಗಿದಿರುತ್ತದೆ.
ಬಿಚ್ಚಿ ಹಾಸಿ ಒಂದು ರಾತ್ರಿ ಮಲಗಲು ಬಿಡಿ,
ಆಮೇಲೆ ಕತ್ತರಿ. ಆ ಮಗು ಹೇಳಿದ್ದು ಸರಿ.

ಅಷ್ಟರಲ್ಲಿ 'ಕಾಲು' ಖಾನೆ ಒರೆಸಿ
ಯಾರೋ ಬಟನ್ನಿನ ರೇಟು ಬರೆದಿದ್ದರು.
ಮೈದಾ ಅಂಟು ಕಲಸಿ ಹಾಳೆಯನ್ನು
ಮೂಲೆಯಲ್ಲಿ, ಮಳೆ ಸಿಡಿಯದ ಕಡೆ ಹಚ್ಚಿ ಬಂದೆ.

ಮರುದಿನ ಅದರ ಕೆಳಗೆ ಸುಣ್ಣದಲ್ಲಿ ಎಳೆಯ ಅಕ್ಷರ:
"ಇದು ಯಾರ ಕೈ?"
ಉತ್ತರಿಸಲೆಂದು ಸೀಮೆಸುಣ್ಣ ಹಿಡಿದೆ.
ಆರು ಸಲ ಬರೆದು ರೂಢಿಯಾದ ಕೈ,
ಒಂದೇ ಸಲಕ್ಕೆ ಹೇಗೆ ಬರೆಯುವುದೋ ತಿಳಿಯದೆ
ಬಸ್ಸು ಎರಡು ಹೋಗುವವರೆಗೆ ನಿಂತೇ ಇದ್ದೆ.